ಒಂದ್ಬೆರಳಕ್ಕ ಬರೆದ ಅಂಕಿ

ಆ ಬೀದಿಗೆ ಬಂದು ಅವಳ ಹೆಸರು ಹೇಳಿ ಕೇಳಿದರೆ ಯಾರೂ ಮನೆ ತೋರಿಸಲಾರರು. ಒಂದ್ಬೆರಳಕ್ಕನ ಮನೆ ಯಾವುದು ಅನ್ನಿ, ಆಡುವ ಮಕ್ಕಳು ಆಟ ಬಿಟ್ಟು ಬಂದು ಬಾಗಿಲವರೆಗೆ ಮುಟ್ಟಿಸಿ ಹೋಗುತ್ತವೆ. ಹೊಸಬರ ಕಣ್ಣು ಮೊದಲು ಅವಳ ಕೈಗೆ ಹೋಗುತ್ತದೆ, ಪಾಪ ಒಂದೇ ಬೆರಳೋ ಏನೋ ಎಂದು. ಹತ್ತೂ ಬೆರಳು ನೆಟ್ಟಗಿವೆ. ಹೆಸರು ಬಂದದ್ದು ಕಸುಬಿನಿಂದ. ಬಟ್ಟೆ ಕತ್ತರಿಸುವಾಗ ಅಳತೆಗಿಂತ ಒಂದು ಬೆರಳಗಲ ಹೆಚ್ಚು ಬಿಟ್ಟು, ಅದನ್ನು ಒಳಗೆ ಮಡಚಿ ಹೊಲಿಯುವುದು ಅವಳ ಪದ್ಧತಿ. ಬೇರೆ ದರ್ಜಿಗಳು ಅರ್ಧ ಬೆರಳು ಬಿಟ್ಟರೆ ಹೆಚ್ಚು. “ಮೈ ಇವತ್ತಿದ್ದ ಹಾಗೆ ನಾಳೆ ಇರಲ್ಲ,” ಎನ್ನುವಳು. “ಬಿಟ್ಟಿದ್ರೆ ಬಿಚ್ಚಿ ಕೊಡಬಹುದು. ಕತ್ತರಿಸಿ ಬಿಸಾಕಿದ್ದನ್ನ ಎಲ್ಲಿಂದ ತರೋದು?”

ಮನೆ ಎಂದರೆ ಎರಡು ಕೋಣೆ, ಮುಂದೊಂದು ಪಡಸಾಲೆ. ಪಡಸಾಲೆಯ ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ. ಗಂಡ ಸಿಟಿ ಬಸ್ಸಿನ ಡ್ರೈವರು. ಹಗಲಿಡೀ ಸ್ಟೇರಿಂಗು ಹಿಡಿದು ಬಾಯಿ ಮುಚ್ಚಿ ಕೂತು, ಉಳಿದ ಮಾತನ್ನೆಲ್ಲ ಮನೆಗೆ ತಂದು ಸುರಿಯುವ ಆಸಾಮಿ. ಗಂಡನ ತಂಗಿ ಮೂರು ಮನೆ ಆಚೆಗೆ ಇದ್ದಳು. ದಿನಾ ಬೆಳಗ್ಗೆ ಬಂದು ಕಾಜಾ ಹೊಲಿದು, ಗುಂಡಿ ಹಚ್ಚಿ, ಹತ್ತು ಮನೆಯ ಸುದ್ದಿ ಹೇಳಿ ಹೋಗುವುದು ಅವಳ ನೇಮ. ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು. ಎದುರು ಮನೆಗೆ ಯಾರು ಬಂದರು ಎಂದು ನೋಡಲು ಬೇಡ. ಅಂಥ ಕಣ್ಣು ನಾದಿನಿಯದು.

ಅಕ್ಕನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಅದನ್ನೊಂದು ಕೊರಗು ಮಾಡಿಕೊಂಡು ಕೂತವಳೂ ಅಲ್ಲ. ನಲವತ್ತು ದಾಟಿದ ಮೇಲೆ ಒಂದು ದಿನ ಮಕ್ಕಳ ಕಚೇರಿಗೆ ಹೋಗಿ, ಯಾರೂ ಇಲ್ಲದ ಕೂಸುಗಳನ್ನು ಕಾಯಂ ಮನೆ ಸಿಗುವವರೆಗೆ ಸಾಕಿಕೊಡುತ್ತೇನೆ ಎಂದು ಹೆಸರು ಬರೆಸಿ ಬಂದಳು. ಐದು ಕೂಸು ಬಂದವು, ಹೋದವು. ಒಂದು ಎರಡು ತಿಂಗಳು, ಇನ್ನೊಂದು ನಾಲ್ಕು ತಿಂಗಳು. ಪ್ರತಿ ಸಲವೂ ಹೊಸ ಅಂಗಿ ಹೊಲಿದು ತೊಡಿಸಿ, ಒಣಗಣ್ಣಲ್ಲೇ ಒಪ್ಪಿಸಿ ಬಂದಿದ್ದಳು. ನಮ್ಮತ್ತಿಗೆಯ ಎದೆ ಬಸ್ ಸ್ಟ್ಯಾಂಡ್ ಇದ್ದ ಹಾಗೆ, ಬರುತ್ತವೆ, ನಿಲ್ಲುತ್ತವೆ, ಹೊರಡುತ್ತವೆ ಎಂದು ನಾದಿನಿ ಆಡಿಕೊಳ್ಳುವಳು. ಅಕ್ಕ ನಗುತ್ತಿದ್ದಳೇ ಹೊರತು ಎದುರು ಮಾತಾಡುತ್ತಿರಲಿಲ್ಲ.

ಆರನೆಯದು ಬರುವಾಗ ಯಂತ್ರದ ಜೊತೆಗೇ ಬಂತು.

ಆರು ತಿಂಗಳಿಗೇ ಹುಟ್ಟಿದ ಹೆಣ್ಣು ಕೂಸು. ಹೆತ್ತವಳು ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಎತ್ತ ಹೋದಳೋ, ಕೊಟ್ಟ ವಿಳಾಸವೂ ಸುಳ್ಳು. ನಾಲ್ಕು ತಿಂಗಳು ಗಾಜಿನ ಪೆಟ್ಟಿಗೆಯಲ್ಲಿ ಬೆಳೆದು ಜೀವ ಉಳಿಯಿತು. ಶ್ವಾಸಕೋಶ ಮಾತ್ರ ಹಣ್ಣಾಗಿರಲಿಲ್ಲ. ಮೂಗಿಗೆ ಪೈಪು ಇಟ್ಟು ಹಗಲೂ ರಾತ್ರಿ ಆಕ್ಸಿಜನ್ ಕೊಡಬೇಕು. ಕೊಟ್ಟರೆ ಬದುಕುತ್ತದೆ, ವರ್ಷದೊಳಗೆ ಪೈಪು ಬಿಡಲೂಬಹುದು, ಬಿಡದೆಯೂ ಇರಬಹುದು. ಮಕ್ಕಳ ಕಚೇರಿಯಿಂದ ಕರೆತಂದಾಕೆ ಕಂಕುಳಲ್ಲಿ ಸದಾ ಫೈಲು ಅವುಚಿಕೊಂಡಿರುವ ಹೆಂಗಸು. ಅಕ್ಕನ ಮನೆಯಲ್ಲಿ ಆಕೆಗೆ ಫೈಲು ಮೇಡಂ ಎಂದೇ ಹೆಸರು. ಮುಚ್ಚುಮರೆ ಇಲ್ಲದೆ ಹೇಳಿದಳು, ನಾಲ್ಕು ಮನೆಯವರು ಆಗಲ್ಲ ಅಂದಿದ್ದಾರೆ, ನೀವೂ ಆಗಲ್ಲ ಅಂದರೆ ನಾನೇನೂ ತಪ್ಪು ತಿಳಿಯಲ್ಲ ಎಂದು. ಅಕ್ಕ ಅಷ್ಟರಲ್ಲೇ ಕೂಸನ್ನು ಎತ್ತಿಕೊಂಡಾಗಿತ್ತು. ಗಂಡ ಬಗ್ಗಿ ನೋಡಿ, ಇದೇನೇ ಇದು, ಅಂಗಿ ಹೊಲಿದು ಮಿಕ್ಕ ತುಣುಕಿನ ಹಾಗಿದೆಯಲ್ಲ ಎಂದ. ಫೈಲಿನಲ್ಲಿ ಅದಕ್ಕೊಂದು ಚೆಂದದ ಹೆಸರಿತ್ತು. ಆ ಮನೆಯಲ್ಲಿ ಅದು ತುಣುಕಿಯೇ ಆಯಿತು.

ಆಸ್ಪತ್ರೆಯಲ್ಲಿ ಎರಡು ದಿನ ಕೂರಿಸಿಕೊಂಡು ಅಕ್ಕನಿಗೆ ಎಲ್ಲ ಕಲಿಸಿದರು. ಕೋಣೆಯ ಗಾಳಿ ಎಳೆದು ಆಕ್ಸಿಜನ್ ಬೇರೆ ಮಾಡುವ ಯಂತ್ರ, ಸೂಟ್‌ಕೇಸಿನಷ್ಟು ದೊಡ್ಡದು. ಕರೆಂಟು ಹೋದರೆ ಇರಲಿ ಎಂದು ಮೂಲೆಯಲ್ಲಿ ಸಿಲಿಂಡರು. ಹೊರಗೆ ಹೋಗುವಾಗ ಹೆಗಲಿಗೆ ಹಾಕಿಕೊಳ್ಳಲು ಇನ್ನೊಂದು ಸಣ್ಣದು. ಯಂತ್ರದಿಂದ ಕೂಸಿನವರೆಗೆ ಇಪ್ಪತ್ತು ಅಡಿ ಪೈಪು. ಅದು ನೆಲದ ಮೇಲೆ ಹರಿದಾಡುವ ಮನೆಯಲ್ಲಿ ಎಲ್ಲರೂ ಕೊಕ್ಕರೆಯ ಹಾಗೆ ಕಾಲೆತ್ತಿ ಇಡುವುದನ್ನು ಕಲಿತರು. ಬೆಂಕಿ ಹತ್ತಿರ ಸುಳಿಯಬಾರದು. ಇಸ್ತ್ರಿಪೆಟ್ಟಿಗೆ ಹಿತ್ತಲಿಗೆ ಹೋಯಿತು. ಮೂವತ್ತು ವರ್ಷ ಯಾರ ಮಾತಿಗೂ ಬೀಡಿ ಬಿಡದ ಗಂಡ, ಬೀಡಿ ಕಟ್ಟನ್ನು ಬಸ್ ಡಿಪೋದಲ್ಲೇ ಇಟ್ಟು ಬರತೊಡಗಿದ. ಆಮೇಲೆ ಅಲ್ಲೂ ಬಿಟ್ಟ.

ಕೆನ್ನೆಗೆ ಪೈಪು ಅಂಟಿಸುವ ಪಟ್ಟಿ ದಿನಕ್ಕೆರಡು ಸಲ ಮೇಲೇಳುತ್ತಿತ್ತು. ಮತ್ತೆ ಅಂಟಿಸಿದರೆ ಚರ್ಮ ಕಿತ್ತು ಬರುತ್ತಿತ್ತು. ಅಕ್ಕ ನೋಡಿದಳು, ನೋಡಿದಳು, ಕತ್ತರಿ ತಗೊಂಡು ಪಟ್ಟಿಯ ನಾಲ್ಕು ಮೂಲೆಯನ್ನೂ ದುಂಡಗೆ ಕತ್ತರಿಸಿದಳು. ಕಾಲರಿನ ಮೂಲೆ ಚೂಪಾಗಿದ್ದರೆ ತಾನೆ ಮಡಚಿಕೊಳ್ಳುವುದು! ದುಂಡಗಿನ ಪಟ್ಟಿ ಮೂರು ದಿನ ನಿಂತಿತು. ಆಸ್ಪತ್ರೆಯ ನರ್ಸುಗಳೂ ಆಮೇಲೆ ಹಾಗೇ ಕತ್ತರಿಸಲು ಶುರು ಮಾಡಿದರಂತೆ.

ಸುಖದ ದಿನಗಳೇನಲ್ಲ. ಹತ್ತು ತಿಂಗಳಲ್ಲಿ ಮೂರು ಸಲ ಕೂಸು ನೀಲಿಗಟ್ಟಿತು. ಒಂದು ಸಲ ಕಫ ಕಟ್ಟಿ, ಒಂದು ಸಲ ಹಾಲು ಗಂಟಲಿಗೆ ಸಿಕ್ಕಿ. ಇನ್ನೊಂದು ಸಲ, ಅಳತೆ ಕೊಡಲು ಬಂದ ಗಿರಾಕಿ ಕುರ್ಚಿ ಎಳೆದು ಕೂತಾಗ ಕುರ್ಚಿಯ ಕಾಲು ಪೈಪಿನ ಮೇಲೆ ಊರಿತ್ತು. ಮೂರು ಸಲವೂ ಅಕ್ಕ ಹೋಗುತ್ತಿದ್ದ ಜೀವವನ್ನು ಕೈಯಾರೆ ಹಿಂದಕ್ಕೆ ಎಳೆದುಕೊಂಡಳು. ಹಾಲು ಕುಡಿಯಲು ಒಂದು ಗಂಟೆ, ಕುಡಿದದ್ದು ನಿಲ್ಲಲು ಇನ್ನೊಂದು ಗಂಟೆ. ಹೊಲಿಗೆ ಹಿಂದೆ ಬಿತ್ತು, ಗಿರಾಕಿಗಳು ಅರ್ಧಕ್ಕರ್ಧ ಬೇರೆ ಕಡೆ ಹೋದರು. ಆದರೆ ಕೂಸು ಕತ್ತು ನಿಲ್ಲಿಸಿತು, ಮಗ್ಗುಲಾಯಿತು, ಒಂದು ದಿನ ಕೂತೇಬಿಟ್ಟಿತು. ಡ್ರೈವರು ಮನೆಗೆ ಬಂದು ಬಾಯಲ್ಲಿ ಹಾರ್ನ್ ಹೊಡೆದರೆ ಎರಡೂ ಕೈ ಎತ್ತುತ್ತಿತ್ತು.

ಅಂಕಿಯ ವಿಷಯಕ್ಕೆ ಬರುತ್ತೇನೆ. ಕಾಲಿನ ಹೆಬ್ಬೆರಳಿಗೆ ಕೆಂಪು ದೀಪದ ಕ್ಲಿಪ್ಪು ಹಾಕಿದರೆ, ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟಿದೆ ಎಂದು ಒಂದು ಪುಟ್ಟ ಪೆಟ್ಟಿಗೆ ತೋರಿಸುತ್ತಿತ್ತು. ದಿನಾ ಮಧ್ಯಾಹ್ನ ಕೂಸು ನಿದ್ದೆ ಹೋದ ಮೇಲೆ ಅದನ್ನು ನೋಡಿ ಪುಸ್ತಕದಲ್ಲಿ ಬರೆಯಬೇಕು. ಎಚ್ಚರದ ಅಂಕಿ ಯಾರಿಗೂ ಬೇಡ, ಅಳುವಾಗ ಒದ್ದಾಡುವಾಗ ಅದು ಸುಳ್ಳು ಹೇಳುತ್ತದೆ; ನಿದ್ದೆಯ ಅಂಕಿಯೇ ಅಂಕಿ ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ಅದು ಸ್ವಲ್ಪವೇ ಆಕ್ಸಿಜನ್ನಿನಲ್ಲಿ ಮೂವತ್ತು ದಿನ ತೊಂಬತ್ತೆರಡರ ಮೇಲೆ ನಿಂತರೆ ಪೈಪು ತೆಗೆದು ನೋಡಬಹುದು.

ಪೆಟ್ಟಿಗೆಯ ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ. ತೊಂಬತ್ತೈದು, ತೊಂಬತ್ತನಾಲ್ಕು, ಮತ್ತೆ ತೊಂಬತ್ತಾರು, ಹೀಗೆ ಕುಣಿಯುತ್ತದೆ. ಅಕ್ಕ ಕಂಡದ್ದರಲ್ಲಿ ಕಡಿಮೆಯದನ್ನು ಹಿಡಿದು, ಅದರಿಂದಲೂ ಒಂದು ಕಳೆದು ಬರೆಯುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಒಳಗೆ ಒಂದು ಬೆರಳು ಮಡಚಿಟ್ಟ ಹಾಗೆ. ಡಾಕ್ಟರು ಅವಸರ ಮಾಡಿ ಪೈಪು ಕಿತ್ತುಬಿಟ್ಟು, ಆಮೇಲೆ ಕೂಸಿಗೆ ಸಾಲದೆ ಬಂದರೆ? ಅಲ್ಲಿಯವರೆಗೆ ಅದು ಭಯವೇ, ಕಪಟವಲ್ಲ. ಇದನ್ನು ಮಾತ್ರ ಅವಳ ಪರವಾಗಿ ಹೇಳಬೇಕು.

ಹತ್ತನೆಯ ತಿಂಗಳಲ್ಲಿ ಫೈಲು ಮೇಡಂ ನಗುತ್ತ ಬಂದಳು. ದತ್ತು ಕೇಳಿ ಕಾದಿರುವವರ ಪಟ್ಟಿಯಲ್ಲಿ ಒಂದು ಜೋಡಿ ತುಣುಕಿಯ ಫೋಟೋ ನೋಡಿ ಒಪ್ಪಿದ್ದಾರೆ. ಗಂಡ ಅಂಚೆ ಕಚೇರಿಯಲ್ಲಿ, ಹೆಂಡತಿ ಶಾಲೆಯಲ್ಲಿ ಟೀಚರು. ಒಳ್ಳೆಯ ಜನ, ಎಂಟು ವರ್ಷದಿಂದ ಕಾಯುತ್ತಿದ್ದಾರೆ. ಪೈಪು ಒಂದು ಬಿಡಲಿ, ಮರುವಾರವೇ ಕರೆದೊಯ್ಯುತ್ತೇವೆ ಎಂದಿದ್ದಾರೆ.

ಅಕ್ಕ ಹೊಲಿಯುವುದನ್ನು ನಿಲ್ಲಿಸಿ, ನಾವೇ ಇಟ್ಟುಕೊಂಡರೆ ಆಗುವುದಿಲ್ಲವೇ ಎಂದು ಕೇಳಿದಳು. ಐದು ಕೂಸು ಬಂದು ಹೋದರೂ ಎಂದೂ ಕೇಳಿದವಳಲ್ಲ. ಮೇಡಂ ಮುಖ ಸಣ್ಣದಾಯಿತು. ಗಂಡ ಹೆಂಡತಿ ಇಬ್ಬರ ವಯಸ್ಸು ಕೂಡಿಸಿದರೆ ನಿಯಮ ದಾಟುತ್ತದೆ, ತಾನು ಅರ್ಜಿ ಬರೆದರೂ ಮೇಲಿನವರು ಓದದೆ ಪಕ್ಕಕ್ಕಿಡುತ್ತಾರೆ ಎಂದಳು.

“ಪೈಪು ಬಿಡದೇ ಹೋದ್ರೆ?” ಎಂದಳು ಅಕ್ಕ.

“ಪೈಪು ಇರೋ ಮಗೂನ ಯಾರು ತಗೊಳ್ತಾರೆ ಅಕ್ಕಾ? ಅದಿರೋವರೆಗೂ ನಿಮ್ಮ ಹತ್ರಾನೇ,” ಎಂದು ಮೇಡಂ ಸಮಾಧಾನಕ್ಕೆ ಹೇಳಿ ಚಪ್ಪಲಿ ಮೆಟ್ಟಿಕೊಂಡಳು.

ಸಮಾಧಾನಕ್ಕೆ ಹೇಳಿದ ಮಾತು ಯಾವ ನೆಲದಲ್ಲಿ ಬೀಳುತ್ತದೆ, ಏನಾಗಿ ಮೊಳೆಯುತ್ತದೆ, ಹೇಳಿದವರಿಗೆ ಹೇಗೆ ಗೊತ್ತಾಗಬೇಕು! ಮಾರನೆಯ ಮಧ್ಯಾಹ್ನ ತುಣುಕಿ ಮಲಗಿತು. ಪೆಟ್ಟಿಗೆ ತೊಂಬತ್ತೈದು ತೋರಿಸಿತು. ಅಕ್ಕ ಬಹಳ ಹೊತ್ತು ನೋಡುತ್ತ ಕೂತಳು. ತೊಂಬತ್ತೊಂದು ಎಂದು ಬರೆದಳು. ಅದರ ಮಾರನೆಯ ದಿನ ತೊಂಬತ್ತು. ವಾರ ಕಳೆಯುವುದರೊಳಗೆ ಎಂಬತ್ತೆಂಟಕ್ಕೆ ಇಳಿಸಿದಳು. ಏಳನೆಯ ಅಂಕಿಗೆ ಹೊತ್ತೇ ಹಿಡಿಯಲಿಲ್ಲ.

ನಾದಿನಿಯ ಕಣ್ಣು ಸುಮ್ಮನಿರುತ್ತದೆಯೇ? ಒಂದು ಮಧ್ಯಾಹ್ನ ಗುಂಡಿ ಹಚ್ಚುತ್ತ ಕೂತವಳು, ದಾರ ಕಚ್ಚಿ ಹರಿದು, ಪೆಟ್ಟಿಗೆಯ ಕಡೆಗೂ ಪುಸ್ತಕದ ಕಡೆಗೂ ನೋಡಿದಳು.

“ಅತ್ತಿಗೆ, ಅದು ತೊಂಬತ್ತನಾಲ್ಕು ಅಂತಿದೆ.”

“ಹಾರಾಡುತ್ತೆ ಅದು. ನಿಂತಲ್ಲಿ ನಿಲ್ಲಲ್ಲ.”

“ಹಾರಾಡಿದ್ರೂ ಎಂಬತ್ತೇಳಕ್ಕೆ ಇಳಿದಿದ್ದು ನಾ ಕಾಣೆ. ನನಗೆ ದೂರದ್ದು ಚೆನ್ನಾಗೇ ಕಾಣುತ್ತೆ.”

“ಸ್ವಲ್ಪ ಬಿಟ್ಟು ಬರೀತೀನಿ. ನನ್ನ ಅಭ್ಯಾಸ ನಿನಗೆ ಗೊತ್ತಲ್ಲ.”

“ಬಟ್ಟೇಲಿ ಬಿಟ್ಟಿದ್ದು ಬಟ್ಟೆ ಒಳಗೇ ಇರುತ್ತೆ, ಅತ್ತಿಗೆ. ಇದು ಎಲ್ಲಿರುತ್ತೆ?”

ಅಕ್ಕ ಪುಸ್ತಕ ಮುಚ್ಚಿದಳು. ನಾದಿನಿ ಉಳಿದ ಗುಂಡಿ ಹಚ್ಚಿ ಮುಗಿಸಿ ಎದ್ದಳು. ಹತ್ತು ಮನೆಗೆ ಸುದ್ದಿ ಹಂಚುವವಳು ಇದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ. ಅಣ್ಣನಿಗೆ ಗೊತ್ತಿತ್ತೋ ಇಲ್ಲವೋ. ಮೊದಲೆಲ್ಲ ಮನೆಗೆ ಬಂದ ಕೂಡಲೇ ಪುಸ್ತಕ ತೆರೆದು ಇವತ್ತಿನ ಸ್ಕೋರು ಎಷ್ಟೇ ಎನ್ನುತ್ತಿದ್ದವನು, ಈಚೆಗೆ ಪುಸ್ತಕ ಮುಟ್ಟುವುದನ್ನೇ ಬಿಟ್ಟಿದ್ದ. ಕೇಳಿದರೆ ಉತ್ತರ ಬಂದೀತಲ್ಲ ಎಂಬ ಅಂಜಿಕೆ ಇದ್ದೀತು.

ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರು ಪುಸ್ತಕ ತಿರುಗಿಸುತ್ತ ಹಣೆ ಗಂಟಿಕ್ಕಿದರು. ಕೂಸು ಎದುರಿಗೆ ಲವಲವಿಕೆಯಿಂದ ಅವರ ಪೆನ್ನು ಎಳೆಯುತ್ತಿದೆ. ನಿದ್ದೆಯ ಅಂಕಿ ಮಾತ್ರ ದಿನದಿನಕ್ಕೂ ಇಳಿಯುತ್ತಿದೆ. ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿರಬೇಕು ಎಂದರು. ಆಸ್ಪತ್ರೆಯಲ್ಲಿಟ್ಟು ನೋಡೋಣವೆಂದರೆ ಹಾಸಿಗೆ ಖಾಲಿಯಾಗಲು ಎರಡು ವಾರ. ಅಲ್ಲಿಯವರೆಗೆ ಆಕ್ಸಿಜನ್ ಸ್ವಲ್ಪ ಏರಿಸಿ, ಮೊದಲಿಂದ ಕೊಡುತ್ತಿದ್ದ ಮೈಯ ನೀರು ಇಳಿಸುವ ಔಷಧಿಯನ್ನು ಎರಡರಷ್ಟು ಮಾಡಿ ಬರೆದರು. ಹತ್ತು ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಉಚ್ಚೆ ಕಡಿಮೆಯಾದರೆ, ಕೂಸು ಸೊರಗಿದರೆ, ಒಂದು ಗಳಿಗೆ ಕಾಯಬೇಡಿ, ಬನ್ನಿ ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕನ ಮಡಿಲಲ್ಲಿ ಔಷಧಿಯ ಬಾಟಲಿ ಇತ್ತು. ಹಾಕದೆ ಇದ್ದುಬಿಡಲೇ ಎಂದುಕೊಂಡಳು. ಹಾಕದಿದ್ದರೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಗೊತ್ತಾದರೆ ಯಾಕೆ ಹಾಕಲಿಲ್ಲ ಎನ್ನುತ್ತಾರೆ. ಅಲ್ಲಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತ ಹೋಗಿ ಬುಡಕ್ಕೆ ಬರುತ್ತಾರೆ. ಡಾಕ್ಟರು ಕೊಟ್ಟದ್ದು ಔಷಧಿ ತಾನೆ, ವಿಷವಲ್ಲವಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ದಿನಾ ಬೆಳಗ್ಗೆ ಅಳೆದು ಹಾಕಿದಳು. ಔಷಧಿಯ ಅಳತೆಯಲ್ಲಿ ಮಾತ್ರ ಒಂದು ಹನಿಯನ್ನೂ ಬಿಡಲಿಲ್ಲ.

ಆ ವಾರ ಬಿಸಿಲು ಸುಟ್ಟು ಸುರಿಯಿತು. ಆರನೆಯ ದಿನ ಕೂಸಿಗೆ ಭೇದಿ ಶುರುವಾಯಿತು. ಏಳನೆಯ ದಿನ ಹಾರ್ನ್ ಹೊಡೆದರೆ ಕೈ ಎತ್ತಲಿಲ್ಲ, ಕಣ್ಣು ಮಾತ್ರ ತಿರುಗಿಸಿತು. ಹಲ್ಲು ಬರುತ್ತಿರಬೇಕು ಎಂದ ಗಂಡ. ಅಕ್ಕ ಹೂಂ ಎಂದಳು. ಮರುದಿನ ಬೆಳಗ್ಗೆ ತೊಡೆಸಂದಿನ ಬಟ್ಟೆ ಒಣಗಿದ್ದು ಒಣಗಿದಂತೆಯೇ ಇತ್ತು. ಇನ್ನು ಹೊರಡಬೇಕು ಎಂದು ಅವಳು ಸಣ್ಣ ಸಿಲಿಂಡರಿಗೆ ಪೈಪು ಸಿಕ್ಕಿಸುತ್ತಿರುವಾಗಲೇ ಕೂಸಿನ ಬಲಗೈ ಜಗ್ಗತೊಡಗಿತು. ಆಮೇಲೆ ಬಲಗಾಲು. ಆಮೇಲೆ ಇಡೀ ಮೈ.

ಗಂಡ ಬಸ್ಸಿನ ಮೇಲಿದ್ದ. ನಾದಿನಿ ಬರಿಗಾಲಲ್ಲಿ ಬೀದಿಗೆ ಓಡಿ, ತರಕಾರಿ ಇಳಿಸುತ್ತಿದ್ದ ವ್ಯಾನಿನವನ ಅಂಗಿ ಹಿಡಿದು ಎಳೆದುಕೊಂಡೇ ಬಂದಳು. ಬುಟ್ಟಿಗಳ ನಡುವೆ ಅಕ್ಕ ಕೂಸನ್ನು ಮಗ್ಗುಲಿಗೆ ಮಲಗಿಸಿಕೊಂಡು ಕೂತಳು. ನಾದಿನಿ ಸಿಲಿಂಡರು ಅಪ್ಪಿಕೊಂಡು ಎದುರಿಗೆ ಕೂತಳು. ದಾರಿಯುದ್ದಕ್ಕೂ ಕೂಸಿನ ಬಾಯಂಚಿನಲ್ಲಿ ನೊರೆ ಬರುತ್ತಿತ್ತು, ನಾದಿನಿ ಸೆರಗಿನಿಂದ ಒರೆಸುತ್ತಿದ್ದಳು.

ಆಸ್ಪತ್ರೆಯಲ್ಲಿ ಸೆಳೆತ ನಿಲ್ಲಿಸಲು ಅರ್ಧ ಗಂಟೆ ಹಿಡಿಯಿತು. ಮೈಯ ನೀರೂ ಉಪ್ಪೂ ಬಸಿದು ಹೋಗಿದೆ ಎಂದರು. ಸೂಜಿ ಚುಚ್ಚಲು ನರವೇ ಸಿಗದೆ ಕೊನೆಗೆ ಮೊಣಕಾಲ ಕೆಳಗೆ ಮೂಳೆಗೇ ಚುಚ್ಚಿದರು. ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತರು. ಗಂಡ ಡ್ರೈವರಿನ ಖಾಕಿಯಲ್ಲೇ ಬಂದು ಗೋಡೆಗೆ ಒರಗಿ ನಿಂತಿದ್ದ. ಫೈಲು ಮೇಡಂ ಫೈಲಿನ ಸಮೇತ ಬಂದಿದ್ದಳು. ಡಾಕ್ಟರು ಹೇಳಿದರು, ಜೀವಕ್ಕೆ ಸದ್ಯ ಭಯವಿಲ್ಲ. ಮಿದುಳಿಗೆ ಏನಾದರೂ ಪೆಟ್ಟಾಗಿದೆಯೋ ಅನ್ನುವುದು ಮುಂದೆ ತಿಳಿಯಬೇಕು. ನಿದ್ದೆಯ ಅಂಕಿ ಇಷ್ಟು ಇಳಿಯುತ್ತಿರುವುದಕ್ಕೆ ಹೃದಯದ ಕಡೆಯ ಕಾರಣ ಇರಬಹುದು. ಸುಧಾರಿಸಿದ ಮೇಲೆ, ತೊಡೆಯ ನರದಿಂದ ಹೃದಯದವರೆಗೆ ತಂತಿ ಹಾಕಿ ನೋಡಬೇಕಾಗುತ್ತದೆ. ಇಷ್ಟು ಸಣ್ಣ ಮಗುವಿಗೆ ಅದು ಅಪಾಯವೇ. ಆದರೆ ಪುಸ್ತಕ ನೋಡಿದರೆ ಬೇರೆ ದಾರಿ ಕಾಣುವುದಿಲ್ಲ.

“ಪುಸ್ತಕ ನೋಡಬೇಡಿ,” ಎಂದಳು ಅಕ್ಕ.

ಡಾಕ್ಟರಿಗೆ ಕೇಳಿಸಿತು, ಅರ್ಥವಾಗಲಿಲ್ಲ.

“ನಾನು ಸುಳ್ಳು ಬರೆದಿದ್ದೀನಿ. ಪೆಟ್ಟಿಗೇಲಿ ತೊಂಬತ್ತನಾಲ್ಕು, ತೊಂಬತ್ತೈದು ಇರ್ತಿತ್ತು. ಪೈಪು ತೆಗೆದುಬಿಟ್ರೆ ಮಗೂನ ಕರ್ಕೊಂಡು ಹೋಗಿಬಿಡ್ತಾರೆ ಅಂತ ಕಡಿಮೆ ಬರೆದೆ. ಅದಕ್ಕೆ ಏನೂ ಆಗಿರಲಿಲ್ಲ ಡಾಕ್ಟ್ರೇ. ಚೆನ್ನಾಗೇ ಇತ್ತು.”

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಎದ್ದು ನಿಂತು, ತುಂಬ ಮೆಲ್ಲಗೆ, “ಔಷಧಿ ಬರೆದ ಕೈ ನಂದು, ಅಮ್ಮಾ,” ಎಂದಷ್ಟೇ ಹೇಳಿ ಒಳಗೆ ಹೋದರು. ಫೈಲು ಮೇಡಂ ನಿಂತಲ್ಲೇ ನಿಂತಿದ್ದಳು. ಗಂಡ ಗೋಡೆ ಬಿಟ್ಟು ಬಂದು, ಡಾಕ್ಟರು ಎದ್ದ ಜಾಗದಲ್ಲಿ ಕೂತ.

ಮುಂದಿನದು ಬೇಗ ಬೇಗ ನಡೆದುಹೋಯಿತು. ವಾರ್ಡಿನ ಯಂತ್ರ ಹಾಕಿ ನಾಲ್ಕು ದಿನ ಕಾದರು. ಐದನೆಯ ದಿನ ಪೈಪು ತೆಗೆದು ಮಲಗಿಸಿದರು, ತೊಂಬತ್ತೈದಕ್ಕೆ ನಿಂತಿತು. ಹೃದಯಕ್ಕೆ ತಂತಿ ಹಾಕುವ ಮಾತು ಅಲ್ಲಿಗೆ ಮುಗಿಯಿತು. ಮಕ್ಕಳ ಕಚೇರಿ ಅಕ್ಕನ ಹೆಸರು ಹೊಡೆದು ಹಾಕಿತು. ವಾರ್ಡಿನೊಳಗೆ ಬಿಡಬಾರದು ಎಂದು ಬಾಗಿಲ ಕಾವಲಿನವನಿಗೆ ಚೀಟಿ ಬಂತು. ಎರಡು ದಿನ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು. ಮೂರನೆಯ ದಿನ ನಾದಿನಿ ಬಂದು ತೋಳು ಹಿಡಿದು ಎಬ್ಬಿಸಿ, ನಡೀರಿ ಅತ್ತಿಗೆ, ಇಲ್ಲಿ ಕೂತ್ರೆ ಅದಕ್ಕೇನು ಹಾಲು ಇಳಿಯಲ್ಲ ಎಂದು ಮನೆಗೆ ಕರೆತಂದಳು. ಕೆಟ್ಟ ಬಾಯಿ, ಆದರೆ ಆ ತಿಂಗಳೆಲ್ಲ ಎರಡೂ ಹೊತ್ತು ಅಡುಗೆ ಮಾಡಿ ಇಟ್ಟು ಹೋದವಳೂ ಅವಳೇ.

ಗಂಡ ಹತ್ತು ದಿನದ ಮೇಲೆ ಮಾತಾಡಿದ. ನಾನೂ ನೋಡಿದ್ದೆ ಕಣೇ, ಒಂದು ಸಲ ಪೆಟ್ಟಿಗೇನೂ ಪುಸ್ತಕಾನೂ ನೋಡಿದ್ದೆ, ನೋಡಿ ಮುಚ್ಚಿಟ್ಟೆ ಎಂದ. ಅಷ್ಟು ಹೇಳಿ ಡ್ಯೂಟಿಗೆ ಹೊರಟುಹೋದ.

ಐದು ವಾರ ಕಳೆದ ಮೇಲೆ ಫೈಲು ಮೇಡಂ ಬಂದಳು. ಯಂತ್ರವನ್ನೂ ಸಿಲಿಂಡರನ್ನೂ ವಾಪಸು ಒಯ್ಯುವ ಆಳುಗಳು ಜೊತೆಗಿದ್ದರು. ಒಳಗೆ ಕೂರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. ಹೊರಡುವಾಗ ಬಾಗಿಲಲ್ಲಿ ತಿರುಗಿ, ತಡೆಯಲಾರದೆ ಹೇಳಿಬಿಟ್ಟಳು. ಸೆಳೆತ ಬಂದ ಮಗು ಎಂದು ಕೇಳಿ ಆ ಜೋಡಿ ಹಿಂದೆ ಸರಿದಿದ್ದಾರೆ. ಹುಟ್ಟಿದಾಗಿಂದ ಇದ್ದದ್ದನ್ನು ಮುಚ್ಚಿಟ್ಟಿದ್ದೀರಿ ಎನ್ನುತ್ತಿದ್ದಾರೆ. ಕೂಸು ಈಗ ಕಚೇರಿಯ ಆಶ್ರಮದಲ್ಲಿದೆ. ಒಂದೇ ಹಾಲಿನಲ್ಲಿ ಇಪ್ಪತ್ತೆರಡು ತೊಟ್ಟಿಲು, ಇಬ್ಬರು ಆಯಾಗಳು. ಮೊದಲು ಕೂತಿದ್ದ ಮಗು ಈಗ ಕೂರುವುದನ್ನೂ ಬಿಟ್ಟಿದೆ, ಎತ್ತಿಕೊಳ್ಳುವವರಿಲ್ಲದೆ.

ಆ ಜೋಡಿಯ ಹತ್ತಿರ ನನ್ನನ್ನು ಒಂದು ಸಲ ಕರೆದುಕೊಂಡು ಹೋಗಿ ಎಂದಳು ಅಕ್ಕ. ಆಗುವ ಮಾತಲ್ಲ, ನಿಯಮವಿಲ್ಲ ಎಂದಳು ಮೇಡಂ. ಅಕ್ಕ ಮತ್ತೆ ಕೇಳಲಿಲ್ಲ. ಆದರೆ ಮರುದಿನದಿಂದ ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಅದರ ಬೆಂಚಿನ ಮೇಲೆ ಕೂರತೊಡಗಿದಳು. ಮುಚ್ಚುವ ಹೊತ್ತಿಗೆ ಎದ್ದು ಬರುವಳು. ಒಂಬತ್ತನೆಯ ದಿನ ಮೇಡಂ ಆ ಜೋಡಿಯನ್ನು ಕರೆಸಿದಳು.

ಸಣ್ಣ ಕೋಣೆ. ಒಂದು ಮೇಜು, ನಾಲ್ಕು ಕುರ್ಚಿ, ತಿರುಗದ ಒಂದು ಫ್ಯಾನು. ಟೀಚರು ಕೈಚೀಲವನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಅಂಚೆಯವನು ಅಕ್ಕನನ್ನೇ ನೋಡುತ್ತಿದ್ದ. ಅಕ್ಕ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು, ಮೊದಲ ತೊಂಬತ್ತೊಂದರಿಂದ ತರಕಾರಿ ವ್ಯಾನಿನವರೆಗೆ. ಸೆಳೆತ ಮಗುವಿನ ಕಾಯಿಲೆಯಲ್ಲ, ನಾನು ಹಾಕಿದ ಔಷಧಿ ಎಂದಳು.

“ನಮಗೆ ಕೊಡಬಾರದು ಅಂತ ತಾನೆ ಇಷ್ಟೆಲ್ಲ ಮಾಡಿದ್ದು?” ಎಂದ ಅಂಚೆಯವನು.

“ಹೌದು.”

“ಮತ್ತೆ ಈಗ್ಯಾಕೆ ಬಂದ್ರಿ?”

“ನನ್ನ ಹತ್ರಾನೇ ಇರ್ಲಿ ಅಂತ ಮಾಡಿದೆ. ಈಗ ಯಾರ ಹತ್ರಾನೂ ಇಲ್ಲ.”

ಟೀಚರು ಮೊದಲ ಸಲ ತಲೆ ಎತ್ತಿದಳು.

“ವಾರಗಟ್ಟಲೆ ಸುಳ್ಳು ಬರೆದವರು ನೀವು. ಇವತ್ತು ಹೇಳ್ತಿರೋದು ನಿಜ ಅಂತ ಹೇಗೆ ನಂಬೋದು?”

“ನಂಬಬೇಡಿ, ಅಮ್ಮಾ. ನಾನು ಹೇಳಿದ್ದು, ಬರೆದಿದ್ದು, ಒಂದನ್ನೂ ಹಿಡೀಬೇಡಿ. ನಿಮಗೆ ಬೇಕಾದ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಅಲ್ಲಿ ಮಗು ಮಲಗಲಿ. ನೀವೇ ಪಕ್ಕದಲ್ಲಿ ಕೂತು ನೋಡಿ.”

ಯೋಚನೆ ಮಾಡಿ ತಿಳಿಸುತ್ತೇವೆ ಎಂದು ಅಂಚೆಯವನು ಎದ್ದ. ಟೀಚರು ಕೈಚೀಲ ಹೆಗಲಿಗೆ ಹಾಕಿಕೊಂಡು ಅವನ ಹಿಂದೆ ಹೋದಳು.

ಮೂರು ವಾರ ಸುದ್ದಿ ಇಲ್ಲ. ಅಕ್ಕ ಹೊಲಿಯುತ್ತಿದ್ದಳು, ಬಿಚ್ಚುತ್ತಿದ್ದಳು, ಅಳತೆ ತಪ್ಪುತ್ತಿತ್ತು. ಒಂದು ಮಧ್ಯಾಹ್ನ ಮೇಡಂ ಫೋನು ಮಾಡಿದಳು. ಹೇಳುವ ಹಾಗಿಲ್ಲ, ಹೇಳುತ್ತಿದ್ದೇನೆ ಎಂದು ಶುರು ಮಾಡಿ, ಬೆಳಗ್ಗೆ ಹತ್ತಕ್ಕೆ ಕರೆದುಕೊಂಡು ಹೋದರು ಎಂದಳು. ಮೂರು ಸಲ ಡಾಕ್ಟರಿಗೆ ತೋರಿಸಿದ ಮೇಲೆ ಒಪ್ಪಿದರಂತೆ. ಬಲಗೈಯಲ್ಲಿ ಇನ್ನೂ ಬಲ ಸಾಲದು, ಕೈಗೆ ವ್ಯಾಯಾಮ ಮಾಡಿಸಬೇಕಂತೆ, ಎಷ್ಟು ಸರಿ ಹೋಗುತ್ತದೋ ಯಾರೂ ಹೇಳಲಾರರು. ಅದು ಗೊತ್ತಿದ್ದೂ ಸಹಿ ಹಾಕಿದರು.

“ಯಾರು ಎತ್ಕೊಂಡ್ರು?” ಎಂದಳು ಅಕ್ಕ.

“ಅವರೇ, ಟೀಚರು.”

“ಅತ್ತಿತಾ?”

“ಬಾಗಿಲು ದಾಟೋವರೆಗೂ.”

ಅಕ್ಕ ಫೋನು ಇಟ್ಟು, ನಾದಿನಿಗೆ ಹೇಳಿದಳು. ನಾದಿನಿ ಕೈಯಲ್ಲಿದ್ದ ಕಾಜಾ ಮುಗಿಸಿ, ಯಾವ ಕೈ ಅಂದ್ರು ಎಂದು ಕೇಳಿದಳು. ಬಲಗೈ ಎಂದಳು ಅಕ್ಕ.

ಆ ಮನೆಗೆ ಮತ್ತೆ ಕೂಸು ಬರಲಿಲ್ಲ. ಕಚೇರಿಯವರು ಕೊಡಲಿಲ್ಲ, ಇವಳೂ ಕೇಳಲಿಲ್ಲ.